ತಕ್ಕಡಿಯಮ್ಮನ ಫೋನಿಕ್ಸ್ ತಪಾಸಣೆ

ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಲೀಟರಿನ ಅಳತೆಗಳನ್ನು ತಪಾಸಣೆ ಮಾಡುವುದು ಆಕೆಯ ಕೆಲಸ. ಹದಿನಾರು ವರ್ಷ ಅದನ್ನೇ ಮಾಡಿ ಮಾಡಿ, ಯಾರಾದರೂ ಹಲ್ಲು ಕಿರಿದು ಮಾತಾಡಿಸಿದರೆ ಮೊದಲು ಅವರ ತಕ್ಕಡಿ ತಟ್ಟೆಯ ಅಡಿ ಬೆರಳಾಡಿಸುವ ಅಭ್ಯಾಸ ಬಿದ್ದಿತ್ತು. ಅಲ್ಲಿ ತೂಕದಲ್ಲಿ ಮೋಸ ಮಾಡಲು ಅಂಟಿಸಿದ ಮೇಣದುಂಡೆ ಎಷ್ಟೋ ಸಲ ಸಿಕ್ಕಿದ್ದೂ ಉಂಟು. ಬೆನ್ನ ಹಿಂದೆ ಎಲ್ಲರೂ ಆಕೆಯನ್ನು ತಕ್ಕಡಿಯಮ್ಮ ಅನ್ನುತ್ತಿದ್ದರು.

ಮಗಳಿಗೆ ನಾಲ್ಕೂವರೆ ವರ್ಷ. ಹತ್ತಿರದ ಶಿಶುವಿಹಾರ ಮುಚ್ಚಿಹೋದಾಗ, ಡ್ಯೂಟಿಗೆ ಹೊರಡುವ ಮುಂಚೆ ದಿನಾ ಅರ್ಧ ಗಂಟೆ ಮನೆಯಲ್ಲೇ ಇಂಗ್ಲಿಷ್ ಅಕ್ಷರಗಳ ಸದ್ದು ಕಲಿಸೋಣವೆಂದುಕೊಂಡಳು. ಸದ್ದು ಕೂಡಿಸಿ ಓದಿಸುವ ಈ ಫೋನಿಕ್ಸ್ ಪಾಠಮಾಲೆಗಳಲ್ಲಿ ಯಾವುದನ್ನು ತರುವುದೆಂಬುದೇ ತಲೆನೋವಾಯಿತು.

ಮೊದಲು ಬಂದವನು ಟೈ ಕಟ್ಟಿದ ಸೇಲ್ಸ್‌ಮನ್. ಅವನ ಫೋನಿನಲ್ಲಿ ಮೂರು ವರ್ಷದ ಕೂಸೊಂದು ಪಟಪಟನೆ ಓದುತ್ತಿತ್ತು.

"ಬರೀ ಆರು ವಾರ ಮೇಡಂ!"

"ಸ್ವಲ್ಪ ಹಿಂದಕ್ಕೆ ಹಾಕಿ. ನೋಡಿ, ಪುಟ ತಿರುಗಿಸೋಕೆ ಮುಂಚೆನೇ ಮುಂದಿನ ಸಾಲು ಹೇಳ್ತಿದೆ. ಇದು ಓದೋದಾ, ಬಾಯಿಪಾಠವಾ?"

ಅವನು ನೀರು ಕುಡಿದು ಜಾಗ ಖಾಲಿ ಮಾಡಿದ. ಎರಡನೆಯ ಪಾಠಮಾಲೆಯಲ್ಲಿ ಪದಕ್ಕೊಂದು ಬಣ್ಣದ ಚಿತ್ರ. ಅದನ್ನು ಪೂರ್ತಿ ಮುಗಿಸಿದ್ದ ಪಕ್ಕದ ಮನೆ ಹುಡುಗಿಯ ಮುಂದೆ ಚಿತ್ರಗಳನ್ನು ಹೆಬ್ಬೆರಳಿನಿಂದ ಮುಚ್ಚಿದಳು, ಹುಡುಗಿ ತಡಬಡಿಸಿದಳು. ಮೂರನೆಯದು ಚಿತ್ರವಿಲ್ಲದ ಬೋಳು ಪುಸ್ತಕ. ದಿನಕ್ಕೊಂದು ಸದ್ದು, ಅಷ್ಟೇ. ಎರಡು ಸಲ ಓದಿದರೂ ಹುಳುಕು ಸಿಗಲಿಲ್ಲ. ಹುಳುಕು ಸಿಗದಿದ್ದದ್ದೇ ಅನುಮಾನವಾಗಿ, ಒಲ್ಲದ ಮನಸ್ಸಿನಿಂದ ತಂದಳು.

ತಿಂಗಳಾದರೂ ಮಗಳು ಇವತ್ತು ಸರಿಯಾಗಿ ಹೇಳಿದ್ದನ್ನು ನಾಳೆ ತಪ್ಪು ಹೇಳುತ್ತಿದ್ದಳು. ಫ್ಯಾನ್ ಪ್ಯಾನ್ ಆಗುತ್ತಿತ್ತು.

"ಈ ಪುಸ್ತಕದಲ್ಲೂ ಏನೋ ಮೋಸ ಇದೆ ಕಣ್ರೀ."

"ನಿನ್ನ ಕಣ್ಣಿಗೆ ಮೋಸ ಇಲ್ಲದ್ದು ಯಾವುದಿದೆ ಹೇಳು?" ಎಂದ ಬಸ್ ಡ್ರೈವರಾಗಿದ್ದ ಗಂಡ, ಬೂಟಿನ ಲೇಸು ಕಟ್ಟುತ್ತಾ.

ಒಂದು ಬೆಳಿಗ್ಗೆ ಹೊತ್ತಾಯಿತೆಂದು ಮಗಳ ಹಿಂದೆ ಕೂತು ಜಡೆ ಹಾಕುತ್ತಲೇ ಪಾಠ ಹೇಳಿದಳು. ಅಂದು ಒಂದೂ ಸರಿ ಬರಲಿಲ್ಲ. ಆಕೆಗೆ ಅನುಮಾನದ ಎಳೆಯೊಂದು ಸಿಕ್ಕಿತು. ಮುಂದೆ ಬಂದು ಕೂತು, ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು "ಫ್ಯಾನ್" ಎಂದಳು.

ಮಗಳು ಪುಸ್ತಕ ಕೆಳಕ್ಕೆಳೆದಳು. "ಅಮ್ಮಾ, ಬಾಯಿ ತೋರ್ಸು."

ಮಗಳು ಇಷ್ಟು ದಿನ ಹೇಳುತ್ತಿದ್ದುದು ತುಟಿ ನೋಡಿ, ಕೇಳಿ ಅಲ್ಲ. 'ಕಿವಿ ಇಲ್ವಾ ನಿಂಗೆ?' ಎಂದು ಎಷ್ಟು ಸಲ ಗದರಿದ್ದಳೋ! ಆದರೂ ಒಂದೇ ಪರೀಕ್ಷೆಗೆ ನಂಬುವವಳಲ್ಲ. ಸಂಜೆ ಗಂಡನನ್ನು ಬಾಗಿಲ ಹಿಂದೆ ನಿಲ್ಲಿಸಿ, ಮಗಳನ್ನು ಮೆಲ್ಲಗೆ ಕರೆಯಲು ಹೇಳಿದಳು.

"ಪುಟ್ಟೀ, ಬಸ್ಸಲ್ಲಿ ಒಂದು ರೌಂಡ್ ಹೋಗೋಣ್ವಾ?"

ಬಸ್ಸೆಂದರೆ ಕುಣಿಯುವ ಮಗು ತಲೆಯೆತ್ತದೆ ಅಂಗಿಯ ಗುಂಡಿಗಳನ್ನು ಸಾಲಾಗಿ ಜೋಡಿಸುತ್ತಲೇ ಇತ್ತು. ಗಂಡ ಇನ್ನೊಮ್ಮೆ ಕರೆದ, ಮೂರನೆಯ ಸಲ ಅವನಿಂದಾಗಲಿಲ್ಲ.

ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಹಳೆಯ ಶೀತದಿಂದ ಕಿವಿಯ ತಮಟೆಯ ಹಿಂದೆ ನೀರು ತುಂಬಿ ಸರಿಯಾಗಿ ಕೇಳಿಸುತ್ತಿಲ್ಲ ಎಂದರು.

"ಡಾಕ್ಟ್ರೇ, ನಿಮ್ಮ ಮಿಷನ್ನು ಕೊನೇ ಸಲ ಯಾವಾಗ ಚೆಕ್ ಮಾಡ್ಸಿದ್ರಿ?"

ಗಂಡ ನಾಚಿಕೆಯಿಂದ ಸೂರು ನೋಡಿದ. ಡಾಕ್ಟರು ನಕ್ಕು ಸರ್ಟಿಫಿಕೇಟ್ ತೋರಿಸಿದರು. ಆಕೆ ತಾರೀಖು ಓದಿದ ಮೇಲೆಯೇ ಅತ್ತಳು.

ನೀರು ಬಸಿಯಲು ಕಿವಿಗಳಿಗೆ ಪುಟ್ಟ ನಳಿಗೆ ಹಾಕಿಸಿ ಕರೆತರುವಾಗ ಮಗಳು ಕಿವಿ ಮುಚ್ಚಿಕೊಂಡು, "ಎಲ್ಲಾರೂ ಯಾಕೆ ಕಿರುಚ್ತಿದಾರೆ?" ಎಂದಳು. ಯಾರೂ ಕಿರುಚುತ್ತಿರಲಿಲ್ಲ.

ಅದೇ ಬೋಳು ಪುಸ್ತಕ ಮತ್ತೆ ಮೊದಲ ಪುಟದಿಂದ ಶುರುವಾಯಿತು. ಎರಡು ತಿಂಗಳಾದ ಮೇಲೆ ಮಗಳು ಔಷಧಿ ಡಬ್ಬಿಯ ಮೇಲಿನ ಇಂಗ್ಲಿಷ್ ಪದವೊಂದನ್ನು ತಾನಾಗಿಯೇ ಓದಿಬಿಟ್ಟಳು. ಎಲ್ಲೋ ಕೇಳಿ ನೆನಪಿಟ್ಟಿರಬೇಕು ಎಂಬ ಗುಮಾನಿ ತಾಯಿಗೆ. ಸ್ಲೇಟಿನ ಮೇಲೆ ಯಾವ ಅರ್ಥವೂ ಇಲ್ಲದ ಮೂರು ಇಂಗ್ಲಿಷ್ ಅಕ್ಷರ ಗೀಚಿ ಮುಂದಿಟ್ಟಳು.

ಮಗಳು ಬೆರಳಿಟ್ಟು ಒಂದೊಂದೇ ಸದ್ದು ಕೂಡಿಸಿ "ಸ್ಯಾಫ್" ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಹೀಗೊಂದು ಮಾತೇ ಇಲ್ವಲ್ಲಮ್ಮಾ. ನನಗೆ ಮೋಸ ಮಾಡ್ತಿದೀಯಾ?"