ಮಾವನವರ ರಿಮೋಟು, ನನ್ನ ಟಿವಿ

ನಮ್ಮ ಬೆಡ್‌ರೂಮಿನ ಟಿವಿಯಲ್ಲಿ ಏನು ಬರಬೇಕೆಂದು ನಿರ್ಧರಿಸುವ ಭಾಗ್ಯ ನನಗೆ ಬಹುಕಾಲ ಇರಲಿಲ್ಲ. ಅದಕ್ಕೂ ಒಂದು ರಿಮೋಟ್ ಇತ್ತು, ಇಲ್ಲವೆಂದಲ್ಲ. ಟಿವಿ ಹಚ್ಚುವುದಕ್ಕೆ, ಆರಿಸುವುದಕ್ಕೆ, ದನಿ ಏರಿಸಿ ಇಳಿಸುವುದಕ್ಕೆ ಸಾಕಾಗುತ್ತಿತ್ತು. ಚಾನೆಲ್ ಬದಲಿಸುವ ಅಧಿಕಾರ ಮಾತ್ರ ಹಾಲ್‌ನಲ್ಲಿದ್ದ ಬಾಕ್ಸಿನದು. ಆ ಬಾಕ್ಸಿನ ರಿಮೋಟ್ ಮಾವನವರ ಕೈಯಲ್ಲಿ. ಮಾಳಿಗೆಯ ಮೇಲೆ ಒಂದೇ ಡಿಶ್, ಕೆಳಗೆ ಒಂದೇ ಬಾಕ್ಸ್, ಅಲ್ಲಿಂದ ಗೋಡೆಯ ತೂತಿನಲ್ಲಿ ನುಸುಳಿ ನನ್ನ ಕೋಣೆಗೆ ಬಂದ ಒಂದು ವೈರು. ಅವರು ನೋಡಿದ್ದೇ ನನಗೂ ಗತಿ.

ಇದು ನಮ್ಮ ಯಜಮಾನರ ಏರ್ಪಾಡು. ಅವರು ಸಂಡೂರಿನ ಗಣಿಯಲ್ಲಿ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಕೆಂಪು ಧೂಳಿನ ಸಮೇತ ಮರಳುತ್ತಾರೆ. ಚಿತ್ತವಾಡ್ಗಿಯ ಮನೆಯಲ್ಲಿ ಹಗಲೆಲ್ಲ ನಾನು ಮತ್ತು ಮಾವ ಇಬ್ಬರೇ. ನಮ್ಮಲ್ಲಿ ಸೊಸೆ ಮಾವನ ಎದುರು ಕೂರುವುದಿಲ್ಲ, ಮುಖ ನೋಡಿ ಮಾತಾಡುವುದಿಲ್ಲ. ಕೂರಬೇಡ ಎಂದು ಅವರು ಹೇಳಿದವರೇ ಅಲ್ಲ. ನಾನೂ ಕೂತು ಪರೀಕ್ಷಿಸಿದವಳಲ್ಲ. ಅತ್ತೆ ಇದ್ದಾಗ ನಮ್ಮಿಬ್ಬರ ಮಾತು ಅವರ ಮೂಲಕ ಸಾಗುತ್ತಿತ್ತು. ಅವರು ತೀರಿಕೊಂಡ ಮೇಲೆ ಮಾವ ಗೋಡೆಯನ್ನು ನೋಡಿ, "ಚಾ ಆಗಿದ್ರ ಚೊಲೊ ಇತ್ತು" ಎನ್ನುತ್ತಾರೆ. ನಾನು ಬಾಗಿಲನ್ನು ನೋಡಿ, "ತಂದೆನ್ರಿ" ಎನ್ನುತ್ತೇನೆ. ಹೀಗಿರುವಾಗ ಸೊಸೆ ಟಿವಿ ನೋಡುವುದೆಲ್ಲಿ? ಮಾವ ಊರಲ್ಲಿ ಇಲ್ಲದ ದಿನ ನೋಡಿ ಯಜಮಾನರು ಹಳೆಯ ಟಿವಿಯನ್ನು ಒಳಗಿಟ್ಟು ವೈರೆಳೆಸಿದರು. ಒಳಗಿನ ಟಿವಿಗೆ ಅದರದೇ ಬಾಕ್ಸ್ ಇದೆಯೆಂದು ಮಾವ ತಿಳಿದರು. ಹಾಗಲ್ಲ ಎಂದು ಹೇಳುವವರಾರು? ಗೋಡೆಗೆ ಅಷ್ಟುದ್ದ ವಿಷಯ ಹೇಳಲು ಆಗುವುದಿಲ್ಲ.

ಹಂಪಿಗೆ ಹೋದರೆ ಗೈಡುಗಳು ಎತ್ತರದ ಗೋಪುರವೊಂದನ್ನು ತೋರಿಸಿ, ಅರಮನೆಯ ಹೆಣ್ಣುಮಕ್ಕಳು ಅಲ್ಲಿ ನಿಂತು ಹೊರಗಿನ ಉತ್ಸವ ನೋಡುತ್ತಿದ್ದರು ಎನ್ನುತ್ತಾರೆ. ಪ್ರವಾಸಿಗರು ತಲೆಯೆತ್ತಿ ಫೋಟೋ ತೆಗೆದುಕೊಳ್ಳುತ್ತಾರೆ. ನನಗೆ ಮಾತ್ರ ಆ ರಾಣಿಯರ ಕಷ್ಟ ಅರ್ಥವಾಗುತ್ತದೆ. ಆನೆ ಸಾಕು, ಇನ್ನು ಕುಸ್ತಿ ಬರಲಿ ಎಂದರೆ ಬರುತ್ತದೆಯೇ? ಅಲ್ಲಿಯೂ ರಿಮೋಟ್ ಇನ್ನೊಬ್ಬರ ಕೈಯಲ್ಲೇ ಇತ್ತು.

ಮೊದಮೊದಲು ನನಗೂ ಸಿಟ್ಟು ಬರುತ್ತಿತ್ತು. ಧಾರಾವಾಹಿಯಲ್ಲಿ ಅತ್ತೆಯ ಕುತಂತ್ರ ಇನ್ನೇನು ಬಯಲಾಗಬೇಕು, ಅಷ್ಟರಲ್ಲಿ ತುಂಗಭದ್ರೆಯ ಒಳಹರಿವಿನ ಸುದ್ದಿ. ಬೇಕೆಂದೇ ಮಾಡುತ್ತಾರೆ ಎಂದುಕೊಂಡು ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದೆ. ಆದರೆ ಒಂದು ಮಧ್ಯಾಹ್ನ ನನ್ನ ಟಿವಿಯಲ್ಲಿ ತುಪ್ಪದನ್ನ ಬಂತು. ಮರುದಿನ ಬಿಸಿಬೇಳೆಭಾತ್. ಅದರ ಮರುದಿನ ಪುಲಾವ್.

ಇಲ್ಲಿ ಒಂದು ವಿಷಯ ಹೇಳಬೇಕು. ಮಾವನವರದು ಕಂಪ್ಲಿಯಲ್ಲಿ ರೈಸ್‌ಮಿಲ್. ವಯಸ್ಸಾದ ಮೇಲೆ ಪಾಲುದಾರರಿಗೆ ಬಿಟ್ಟು ಮನೆಯಲ್ಲಿ ಕೂತರು. ಕೂತ ಮೇಲೆ ಶುಗರ್ ಬಂತು. ಜೀವಮಾನವೆಲ್ಲ ಅಕ್ಕಿಯ ನಡುವೆ ಬದುಕಿದವರ ತಾಟಿನಿಂದ ಡಾಕ್ಟರು ಅನ್ನವನ್ನೇ ಎತ್ತಿಬಿಟ್ಟರು. ಮಾವ ಮಾತ್ರ, "ಅನ್ನದಾಗ ಏನೈತಿ ಬಿಡ್ರಿ, ರೊಟ್ಟಿನ ಗಟ್ಟಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನೂ ನಂಬಿದ್ದೆ. ಅಡುಗೆ ಚಾನೆಲ್ ನೋಡಿದ ಮೇಲೆ ನಂಬಿಕೆ ಹೋಯಿತು. ಪಲ್ಯ, ಪಾಯಸ ಬಂದರೆ ಚಾನೆಲ್ ಬದಲಾಗುತ್ತಿತ್ತು. ಅನ್ನ ಬಂದರೆ ನಿಲ್ಲುತ್ತಿತ್ತು. ನಾವು ಮೊಟ್ಟೆಯನ್ನೂ ಮುಟ್ಟದ ಮಂದಿ. ಒಮ್ಮೆ ಕೋಳಿ ಬಿರಿಯಾನಿ ಶುರುವಾಯಿತು. ತಕ್ಷಣ ಸುದ್ದಿ ಬಂತು. ಸ್ವಲ್ಪ ಹೊತ್ತಾದ ಮೇಲೆ, ಹಂಡೆಯ ಮುಚ್ಚಳ ತೆಗೆಯುವ ಸಮಯಕ್ಕೆ ಸರಿಯಾಗಿ, ಬಿರಿಯಾನಿ ಮರಳಿ ಬಂತು. ಅವರು ಕೋಳಿ ನೋಡಲಿಲ್ಲ, ಬಿಡಿಬಿಡಿಯಾಗಿ ಎದ್ದು ನಿಂತ ಅಗುಳನ್ನು ನೋಡಿದರು. ನನಗೆ ಮೊದಲು ನಗು ಬಂತು, ಆಮೇಲೆ ಪಾಪ ಎನಿಸಿತು.

ಅಂದಿನಿಂದ ನನ್ನ ಟಿವಿಯ ದನಿ ಪೂರ್ತಿ ಇಳಿಸಿ, ಮಧ್ಯಾಹ್ನ ಅವರೊಂದಿಗೆ ಅನ್ನ ನೋಡುವುದು ರೂಢಿಯಾಯಿತು. ಯಾರಾದರೂ ಮನೆಗೆ ಬಂದರೆ ಬಾಣಲೆ ಮಾಯವಾಗಿ ಸ್ವಾಮಿಗಳ ಪ್ರವಚನ ಪ್ರತ್ಯಕ್ಷವಾಗುತ್ತಿತ್ತು. ಅದು ಕಂಡೊಡನೆ ನಾನು ಒಂದು ಕಪ್ ಹೆಚ್ಚು ಚಹಾ ಇಡುತ್ತಿದ್ದೆ. ಕರೆಯುವ ಮೊದಲೇ ಚಹಾ ಬಂದದ್ದು ಕಂಡು ಮಾವ ಬಂದವರ ಮುಂದೆ, "ನಮ್ಮ ಸೊಸಿ ಭಾಳ ಚುರುಕು" ಎನ್ನುತ್ತಿದ್ದರು.

ಎಲ್ಲ ಕೆಟ್ಟದ್ದು ಯಜಮಾನರ ಪ್ರೀತಿಯಿಂದ. ಒಂದು ಭಾನುವಾರ ಹೊಸ ಬಾಕ್ಸೊಂದನ್ನು ತಂದು ಟೀಪಾಯಿಯ ಮೇಲಿಟ್ಟರು.

"ಅಪ್ಪಾ, ಇನ್ನ ಆಕಿಗೆ ಬ್ಯಾರೆ ಬಾಕ್ಸು. ನೀವು ನೋಡಿದ್ದನ್ನ ಆಕಿ ನೋಡೋದು ತಪ್ಪಿತು."

ಮಾವ ಕನ್ನಡಕ ತೆಗೆದರು. "ಅಂದ್ರ ನಾ ಹಚ್ಚಿದ್ದೆಲ್ಲ ಒಳಗೂ ಬರತಿತ್ತೇನು?"

"ಹೂಂ ಮತ್ತ. ವೈರು ಒಂದ ಐತಲ್ಲ."

ಬಾಗಿಲ ಮರೆಯಲ್ಲಿದ್ದ ನಾನು ಅವರ ಮುಖ ನೋಡಲಾರದೆ ಅಡುಗೆಮನೆಗೆ ಹೋದೆ. ಮಾವ ಚಪ್ಪಲಿ ಮೆಟ್ಟಿ ಹೊರಗೆ ನಡೆದರು.

ಹೊಸ ಬಾಕ್ಸನ್ನು ಇನ್ನೂ ಕೂಡಿಸಿರಲಿಲ್ಲ. ಮರುದಿನ ಮಧ್ಯಾಹ್ನ ನನ್ನ ಟಿವಿಯಲ್ಲಿ ಬರೀ ಪ್ರವಚನ. ಜಾಹೀರಾತು ಬಂದರೂ ಚಾನೆಲ್ ಬದಲಾಗಲಿಲ್ಲ. ಅದರ ಮರುದಿನ ಟಿವಿಯೇ ಇಲ್ಲ. ಬೆಳಿಗ್ಗೆ ಓದಿ ಮುಗಿಸಿದ ಪೇಪರನ್ನೇ ಮತ್ತೆ ಹಿಡಿದು ಕೂತರು. ಊಟದ ತಾಟಿನಲ್ಲಿ ರೊಟ್ಟಿ ಅರ್ಧ ಉಳಿಯಿತು. ಅವರ ಅನ್ನವನ್ನು ಡಾಕ್ಟರು ಒಮ್ಮೆ ಕಸಿದಿದ್ದರು. ಎರಡನೇ ಸಲ ಕಸಿದವಳು ನಾನು. ನನಗೆ ಬಹಳ ಸಂಕಟವಾಯಿತು. ಹೊಸ ಬಾಕ್ಸ್ ಕೂಡಿಸಿದರೆ ವೈರು ಬೇರೆಯಾದೀತು, ಸೊಸೆಗೆ ಗೊತ್ತಿದೆ ಎಂಬುದು ಅವರ ತಲೆಯಿಂದ ಹೋದೀತೇ? ನಾನು ನೋಡಿಯೇ ಇಲ್ಲ ಎಂದರೆ ಸುಳ್ಳು. ನೋಡಿದೆ, ತಪ್ಪಾಯಿತು ಎಂದರೆ ಇನ್ನೂ ನಾಚಿಸಿದಂತೆ. ಕದ್ದು ನೋಡಿದ್ದಕ್ಕೆ ಉಳಿದ ಪರಿಹಾರ ಒಂದೇ, ಕದಿಯದೆ ನೋಡುವುದು.

ಮೂರನೆಯ ಮಧ್ಯಾಹ್ನ ನಾನು ಹಾಲ್‌ಗೆ ಹೋದೆ. ಕುರ್ಚಿಯ ತುದಿಯಲ್ಲಿ ಕೂತು, ಟೀಪಾಯಿಯ ಮೇಲಿದ್ದ ರಿಮೋಟ್ ಎತ್ತಿಕೊಂಡು ಅಡುಗೆ ಚಾನೆಲ್ ಹಾಕಿದೆ. ಹೆಂಗಸೊಬ್ಬಳು ಚಿತ್ರಾನ್ನಕ್ಕೆ ಅನ್ನ ಬೇಯಲು ಇಟ್ಟಿದ್ದಳು. ಮಾವನ ಪೇಪರು ಅಲುಗಲಿಲ್ಲ.

"ಮಾವಾರ," ಎಂದೆ, ಗೋಡೆಯನ್ನು ಬಿಟ್ಟು ಅವರನ್ನೇ ನೋಡಿ. "ಈ ಅಕ್ಕಿ ಹೊಸಾದೇನ್ರಿ, ಹಳೇದೇನ್ರಿ?"

ಎದ್ದು ಹೋಗಿಬಿಡುತ್ತಾರೆ ಎಂದುಕೊಂಡೆ. ಆಮೇಲೆ ಪೇಪರು ಕಣ್ಣಿನ ಮಟ್ಟಕ್ಕೆ ಇಳಿಯಿತು.

"ಹೊಸಾದು. ಮ್ಯಾಲ ನೀರೂ ಹೆಚ್ಚು ಹಾಕ್ಯಾಳ. ಮುದ್ದಿ ಆಗತೈತಿ, ನೋಡ್ತಿರು."

ಮುಚ್ಚಳ ತೆಗೆದಾಗ ಅನ್ನ ಮುದ್ದೆಯಾಗಿತ್ತು. ಆಕೆ ನಗುನಗುತ್ತ, ಎಷ್ಟು ಉದುರಾಗಿದೆ ನೋಡಿ ಎಂದಳು. ಪೇಪರಿನ ಹಿಂದೆ ಮಾವನ ಹೆಗಲು ಕುಲುಕಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ, ಪ್ರಯೋಜನವಾಗಲಿಲ್ಲ.

ಜಾಹೀರಾತು ಬಂತು. ಚಹಾ ಇಡೋಣವೆಂದು ನಾನು ಎದ್ದೆ.

"ಕುಂದ್ರವ್ವಾ," ಎಂದರು ಮಾವ, ಪೇಪರು ಮಡಿಚಿ ಪಕ್ಕಕ್ಕಿಟ್ಟು. "ಒಗ್ಗರಣಿ ಇನ್ನಾ ಬಾಕಿ ಐತಿ."

ಅಂದು ಚಹಾ ತಡವಾಯಿತು. ಯಾರೂ ಕೇಳಲಿಲ್ಲ.