ಸುಣ್ಣ ಹಚ್ಚುವ ಮೊದಲು

ಈ ಮಾತನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ನೌಕರಿಯ ಭಯವಿತ್ತು, ಆಮೇಲೆ ಮರ್ಯಾದೆಯ ಭಯ. ಎರಡೂ ಹೋದ ಮೇಲೆ ಉಳಿದದ್ದು ಬರೀ ಸೋಮಾರಿತನ. ಮೊನ್ನೆ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಾಗ ಕೈಯಲ್ಲಿದ್ದ ಫೋನು, ಜಾಗ ತುಂಬಿದೆ, ಹಳೆಯದನ್ನು ಅಳಿಸಲೇ ಎಂದು ಕೇಳಿತು. ಒತ್ತಲು ಹೋದ ಬೆರಳು ಅಲ್ಲೇ ನಿಂತುಬಿಟ್ಟಿತು. ನನ್ನ ಮುಖ ನೋಡಿ ಹೆಂಡತಿ, "ಯಾಕ್ರಿ, ಯಾರರ ಹೋದ್ರಂತ ಬಂತೇನು?" ಎಂದಳು. ನಮ್ಮ ವಯಸ್ಸಿನವರ ಫೋನಿಗೆ ಬರುವುದು ಹೆಚ್ಚಾಗಿ ಅಂಥ ಸುದ್ದಿಯೇ. ಇಲ್ಲ ಅಂದೆ. ಚಹಾ ಆರಿಹೋಯಿತು.

ನಾನು ಹಚ್ಚೊಳ್ಳಿಯವನು. ಓದಿದ್ದು ಹತ್ತನೇ ಇಯತ್ತೆ, ಅದರಲ್ಲೂ ಗಣಿತ ಎರಡನೇ ಏಟಿಗೆ ದಾಟಿದ್ದು. ಆದರೂ ದೇವರ ದಯೆ, ಹೊಟ್ಟೆ ಹೊರೆದದ್ದೆಲ್ಲ ಲೆಕ್ಕದಿಂದಲೇ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿ ಬಹಳ ಕಾಲ ಕೆಲಸ ಮಾಡಿದೆ. ಅದಿರಿನ ಕಾಲ ಬಂತು ನೋಡಿ, ಗಿರಣಿಯ ಸಾಹುಕಾರರಿಗೂ ಮಣ್ಣಿನ ಮೇಲೆ ಮನಸ್ಸಾಯಿತು. ಲಾರಿಗಳನ್ನು ಕೊಂಡರು, ಬಳ್ಳಾರಿಯ ಗಾಂಧಿನಗರದಲ್ಲಿ ಗಾಜಿನ ಬಾಗಿಲಿನ ಆಫೀಸು ತೆರೆದರು, ನನ್ನನ್ನು ಮ್ಯಾನೇಜರ್ ಅಂತ ಕರೆತಂದರು. ಮ್ಯಾನೇಜರ್ ಎಂದರೆ ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವನು, ಅಷ್ಟೇ. ಆದರೆ ಊರಿಗೆ ಹೋದಾಗ ಅದನ್ನು ಸ್ವಲ್ಪ ಹೆಚ್ಚೇ ಸದ್ದು ಮಾಡಿಕೊಂಡು ನಡೆಯುತ್ತಿದ್ದೆ.

ಆಗಿನ ಬಳ್ಳಾರಿಯನ್ನು ನೀವು ನೋಡಿದ್ದರೆ ನಿಮಗೆ ನೆನಪಿರುತ್ತದೆ. ಬೆಳಿಗ್ಗೆ ಹಾಕಿದ ಬಿಳಿ ಅಂಗಿ ಮಧ್ಯಾಹ್ನಕ್ಕೆ ಕಾವಿ. ಹೋಟೆಲಿನ ಇಡ್ಲಿಯ ಮೇಲೂ ಕೆಂಪು ಪುಡಿ. ಆ ಧೂಳು ಒಳಗೆ ಬರದ ಜಾಗ ನಮ್ಮ ಆಫೀಸಿನಲ್ಲಿ ಒಂದೇ ಒಂದಿತ್ತು, ಮೇಲ್ ಸರ್ವರ್ ಇಟ್ಟಿದ್ದ ಕೋಣೆ. ಸದಾ ತಣ್ಣಗೆ, ಸದಾ ಗುಂಯ್ ಅನ್ನುವ ಸದ್ದು. ಬಂದರಿನವರು, ಹಡಗಿನವರು, ಹೊರದೇಶದ ಗಿರಾಕಿಗಳು ಬರೆದದ್ದೆಲ್ಲ ಬಂದು ಸೇರುವುದು ಅಲ್ಲಿಗೆ. ಮೊದಲ ಸಲ ಒಳಗೆ ಹೋದಾಗ ನಾನು ಚಪ್ಪಲಿ ಬಿಟ್ಟು ಹೋಗಿದ್ದೆ. ಡ್ರೈವರುಗಳು ಅದನ್ನು ತಿಂಗಳುಗಟ್ಟಲೆ ಆಡಿಕೊಂಡರು.

ಆ ಕೋಣೆಯನ್ನು ನೋಡಿಕೊಳ್ಳಲು ಬಂದವಳು ಬ್ರೂಸ್‌ಪೇಟೆಯ ಹುಡುಗಿ. ತಂದೆ ಅಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟಿದ್ದರು. ಮಗಳು ಕಂಪ್ಯೂಟರ್ ಓದಿದ್ದಳು, ಹೈದರಾಬಾದಿನಲ್ಲಿ ಸ್ವಲ್ಪ ದಿನ ಕೆಲಸವನ್ನೂ ಮಾಡಿದ್ದಳು. ಸಾಹುಕಾರರಿಂದ ಹಿಡಿದು ಎಲ್ಲರಿಗೂ ಅವಳು ಮೇಡಂ. ನನ್ನನ್ನು ಅವಳು ಚಾಚಾ ಅನ್ನುತ್ತಿದ್ದಳು.

ಸರ್ವರಿನ ಬ್ಯಾಕಪ್ ತೆಗೆಯಬೇಕು ಎಂದಾಗ ನಾನು ಹಿರಿಯನ ಗತ್ತಿನಲ್ಲಿ, "ಏನೈತಮ್ಮ ಅದರಾಗ, ಒಂದ್ ಗಳಿಗಿ ಬಂದ್ ಮಾಡಿ ನಕಲು ತಗೊಂಡ್ರಾತು" ಎಂದಿದ್ದೆ.

"ಬಂದ್ ಮಾಡಾಕ ಸಾಹುಕಾರ್ರು ಬಿಡಂಗಿಲ್ಲ ಚಾಚಾ. ನಾವು ಮಲಗಿದಾಗ ಗಿರಾಕಿ ಎದ್ದಿರ್ತಾನಂತ."

"ಹಂಗಾರ ನಡೀತಿರಂಗನ ನಕಲು ಮಾಡು."

ಅವಳು ನಕ್ಕಳು. "ನೀವು ಗಿರಣ್ಯಾಗ ಇದ್ದೋರು. ಚೀಲ ಹೆಂಗ ಎಣಸ್ತಿದ್ರಿ ಹೇಳ್ರಿ."

"ಹಮಾಲ್ರು ಇಳಸ್ತಿರ್ತಾರ, ನಾ ಬಳಪದಿಂದ ಗ್ವಾಡಿಮ್ಯಾಲೆ ಗೀಟು ಹಾಕ್ಕೋಂತ ಹೋಗ್ತಿದ್ದೆ. ಪುರಸೊತ್ತು ಸಿಕ್ಕಾಗ ಕೂಡಿಸಿ ಕಿರ್ದಿ ಪುಸ್ತಕಕ್ಕ ಏರಸ್ತಿದ್ದೆ."

"ಈ ಸರ್ವರ್‌ನೂ ಅಷ್ಟ ಮಾಡ್ತೈತಿ. ಬಂದ ಮೇಲ್ ಮೊದ್ಲು ಗ್ವಾಡಿಮ್ಯಾಲೆ ಗೀಟು. ಆಮ್ಯಾಲೆ ಕಿರ್ದಿಗೆ. ಇನ್ನೂ ಬರಕೋತ ಇರೋ ಕಿರ್ದಿ ಹಂಗ ಎತ್ಕೊಂಡ್ರ ಅರ್ಧಾ ಲೆಕ್ಕ ಗ್ವಾಡಿಮ್ಯಾಗ ಉಳೀತೈತಿ. ಎರಡೂ ಕೂಡಿಸಿ ತಗೋಬೇಕು. ಅದನ್ನ ಸರ್ವರಿಗೇ ಕೇಳಿ ತಗೋಬೇಕು, ಕದ್ದು ತಗೋಬಾರ್ದು."

ಆ ಗೀಟುಗಳಿಗೆ ಲಾಗ್ ಫೈಲು ಅಂತ ಹೆಸರಂತೆ. ಒಂದೇ ಅಳತೆಯ ಸಣ್ಣ ಸಣ್ಣ ಫೈಲುಗಳು, ಒಂದರ ಹಿಂದೆ ಒಂದು ನಂಬರಿನ ಪ್ರಕಾರ ಸಾಲಾಗಿ ನಿಂತಿರುತ್ತವೆ. ಬ್ಯಾಕಪ್ ಸರಿಯಾಗಿ ಮುಗಿದರೆ ಹಳೆಯವನ್ನು ಸರ್ವರೇ ಒರೆಸಿಕೊಳ್ಳುತ್ತದೆ. ಮನುಷ್ಯ ಕೈ ಹಾಕಬಾರದು. ಇದನ್ನೂ ಅವಳು ಹೇಳಿದ್ದಳು. ನಾನು ತಲೆ ಆಡಿಸಿದ್ದೆ.

ಅವಳ ಇನ್ನೊಂದು ಅಭ್ಯಾಸ ನನಗೆ ಮೊದಲು ವಿಚಿತ್ರವಾಗಿ ಕಂಡಿತ್ತು. ಆಗಾಗ ಬ್ಯಾಕಪ್ಪನ್ನು ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿಗೆ ಇಳಿಸಿ, ತೆರೆದು, ಓದಿ ನೋಡುತ್ತಿದ್ದಳು. "ಇಳಿಸಿ ನೋಡದಿದ್ರ ಅದು ಬ್ಯಾಕಪ್ ಅಲ್ಲ ಚಾಚಾ, ಬರೀ ನಂಬಿಕಿ." ಒಂದು ದಿನ ನನ್ನನ್ನೂ ಕರೆದು ತೋರಿಸಿದಳು. ಹಿಂದಿನ ವಾರ ನಾನೇ ತಪ್ಪು ತಪ್ಪಾಗಿ ಬರೆದು ಕಳಿಸಿದ್ದ ಮೇಲ್, ಅದೇ ತಪ್ಪುಗಳೊಂದಿಗೆ, ಸರ್ವರಿನ ಯಾವ ತಂತಿಯೂ ಸೇರದ ಆ ಹಳೇ ಡಬ್ಬಿಯಲ್ಲಿ ಕೂತಿತ್ತು. ಸತ್ತವರು ಬೇರೆ ಊರಲ್ಲಿ ಬದುಕಿದ್ದಾರೆ ಅಂತ ಕೇಳಿದ ಹಾಗಾಯಿತು ನನಗೆ. ಕೈ ಮುಗಿಯಬೇಕೆನ್ನಿಸಿತು, ಆಡಿಕೊಂಡಾರೆಂದು ಸುಮ್ಮನಾದೆ.

ಇನ್ನೊಂದು ಪ್ರತಿಯನ್ನು ಕುರುಗೋಡಿನಲ್ಲಿ ಸಾಹುಕಾರರ ಮನೆಯ ತಿಜೋರಿಯಲ್ಲಿ ಇಡುವುದು. ಒಂದೇ ಕಟ್ಟಡದಲ್ಲಿ ಎರಡನ್ನೂ ಇಟ್ಟರೆ ಬೆಂಕಿಗೆ ಎರಡೂ ಒಂದೇ ತುತ್ತು ಎಂದು ಅವಳ ವಾದ. ಅದನ್ನು ಒಯ್ಯುವವನು ನಾನು. ಬಸ್ಸಿನಲ್ಲಿ ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂಸಿನ ಹಾಗೆ ಹಿಡಿದಿರುತ್ತಿದ್ದೆ. ಇಡೀ ಆಫೀಸು ನನ್ನ ತೊಡೆಯ ಮೇಲೆ ಕೂತು ಪ್ರಯಾಣ ಮಾಡುತ್ತಿದೆ ಎಂದುಕೊಂಡು ಹಿಗ್ಗುತ್ತಿದ್ದೆ.

ಆ ವರ್ಷ ದಸರಾ ಮತ್ತು ರಂಜಾನ್ ಕೂಡಿ ಬಂದಿದ್ದವು. ತಾಯಿಗೆ ಮೈ ಹುಷಾರಿಲ್ಲವೆಂದು ಅವಳು ರಜೆ ಹಾಕಿದ್ದಳು. ಹೋಗುವಾಗ, "ಡಿಸ್ಕ್ ತುಂಬಿದ್ರ ಇನ್ನೊಂದು ಹಾಕ್ರಿ, ಇಷ್ಟ ಸಾಕು" ಎಂದು ಹೇಳಿದ್ದಳು. ಆಯುಧ ಪೂಜೆಯ ಗದ್ದಲದಲ್ಲಿ ನಾನು ಮರೆತೆ. ಡಿಸ್ಕು ತುಂಬಿತು, ಬ್ಯಾಕಪ್ ನಿಂತಿತು, ಒರೆಸಿಕೊಳ್ಳಲಾಗದ ಗೀಟುಗಳು ಬೆಳೆಯುತ್ತ ಹೋದವು. ಜಾಗ ಮುಗಿಯಿತೆಂದು ಸರ್ವರ್ ಪರದೆಯ ಮೇಲೆ ಕೂಗಿಕೊಳ್ಳತೊಡಗಿತು.

ಪೂಜೆಯ ಹಿಂದಿನ ದಿನ ನಮ್ಮಲ್ಲಿ ಎಲ್ಲವನ್ನೂ ತಿಕ್ಕಿ ತೊಳೆಯುತ್ತೇವೆ. ಗಿರಣಿಯಲ್ಲಿದ್ದಾಗ ತಕ್ಕಡಿ ತಿಕ್ಕಿ, ಯಂತ್ರದ ಪಟ್ಟಾ ಒರೆಸಿ, ಗೋಡೆಗೆ ಸುಣ್ಣ ಹಚ್ಚಿಸುತ್ತಿದ್ದೆ. ಲಾರಿಗಳನ್ನು ತೊಳೆದಾಗಿತ್ತು. ಸರ್ವರಿನ ಹೊರಮೈ ಒರೆಸಿದೆ. ಒಳಗನ್ನೂ ಸ್ವಚ್ಛ ಮಾಡೋಣ ಎನ್ನಿಸಿತು. ತೆರೆದು ನೋಡಿದರೆ ರಾಶಿ ರಾಶಿ ಸಣ್ಣ ಫೈಲುಗಳು, ಎಲ್ಲ ಒಂದೇ ರೀತಿ, ಹಳೇ ತಾರೀಕಿನವು. ಕಸ ಅಂದುಕೊಂಡೆ. ಆರಿಸಿ ಅಳಿಸಿದೆ, ವಾಪಸು ಬಾರದ ಹಾಗೆ ಅಳಿಸಿದೆ. ಪರದೆಯ ಕೂಗು ನಿಂತಿತು. ನನಗೆ ಎಂಥ ಸಮಾಧಾನವಾಯಿತು ಎಂದರೆ, ಬೆವರು ಒರೆಸಿಕೊಂಡು ಸೋಡಾ ತರಿಸಿ ಕುಡಿದೆ.

ಗಿರಣಿಯಲ್ಲಿ ಒಮ್ಮೆಯೂ ಗೀಟುಗಳನ್ನು ಕಿರ್ದಿಗೆ ಏರಿಸದೆ ಗೋಡೆಗೆ ಸುಣ್ಣ ಹಚ್ಚಲು ಬಿಟ್ಟವನಲ್ಲ ನಾನು. ಸುಣ್ಣದವರು ಬಂದು ನಿಂತರೂ ತಡೆದು ನಿಲ್ಲಿಸಿ, ಕೂಡಿಸಿ ಮುಗಿಸುತ್ತಿದ್ದೆ. ಆ ಮನುಷ್ಯ ಅವತ್ತು ಎಲ್ಲಿ ಹೋಗಿದ್ದನೋ.

ವರ್ಷವಿಡೀ ಸರ್ವರ್ ನಿಲ್ಲಿಸಲು ಬಿಡದ ಸಾಹುಕಾರರು ಪೂಜೆಯ ದಿನ ಮಾತ್ರ, "ಆಯುಧಕ್ಕ ಇವತ್ತೊಂದಿನ ವಿಶ್ರಾಂತಿ ಕೊಡ್ರಪ್ಪ" ಎಂದರು. ನಾನು ಗೋಡೆಯ ಸ್ವಿಚ್ಚನ್ನೇ ಆರಿಸಿ ಅರಿಶಿನ ಕುಂಕುಮ ಹಚ್ಚಿದೆ, ಬಾಗಿಲಲ್ಲಿ ಕುಂಬಳಕಾಯಿ ಒಡೆದೆ. ಮರುದಿನ ಸ್ವಿಚ್ ಹಾಕಿದರೆ ಸದ್ದೇನೋ ಬಂತು, ಮೇಲ್ ಮಾತ್ರ ತೆರೆಯಲಿಲ್ಲ.

ಕರೆಸಿದಾಗ ಅವಳು ರಂಜಾನ್ ಉಪವಾಸದಲ್ಲೇ ಬಂದಳು. ಬಂದವಳು ರಿಪೇರಿಗೆ ಕೈ ಹಚ್ಚಲಿಲ್ಲ. ಕೆಟ್ಟದ್ದನ್ನು ಕೆಟ್ಟ ಹಾಗೆಯೇ ಮೊದಲು ಬೇರೆ ಕಡೆ ಎತ್ತಿಟ್ಟಳು. "ಸುಧಾರಸಾಕ ಹೋಗಿ ಇನ್ನಷ್ಟು ಕೆಡಸ್ತೀವಿ ಚಾಚಾ, ಅದಕ್ಕ." ಆಫೀಸಿನ ಡಿಸ್ಕಿನಲ್ಲಿದ್ದ ಬ್ಯಾಕಪ್ ಅರ್ಧಕ್ಕೇ ನಿಂತಿದ್ದರಿಂದ ನಾನು ಜೀಪಿನಲ್ಲಿ ಹೋಗಿ ಕುರುಗೋಡಿನ ಡಿಸ್ಕು ತಂದೆ. ಅದನ್ನೂ ಸರ್ವರಿನ ಮೇಲೆ ಸುರಿಯದೆ ಹಳೇ ಕಂಪ್ಯೂಟರಿಗೆ ಇಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಹೆಸರುಗಳು ಒಂದೊಂದಾಗಿ ಬಂದು ನಿಲ್ಲತೊಡಗಿದವು. ಬಂದರಿನವರು ಬಂದರು, ಗಿರಾಕಿಗಳು ಬಂದರು, ಹೋಗೇ ಹೋಯಿತು ಅಂದುಕೊಂಡ ವ್ಯವಹಾರವೆಲ್ಲ ಬಂತು. ಕಾಲುವೆಗೆ ನೀರು ಬಿಟ್ಟಾಗ ಒಣಗಿದ ಮಡಿ ಒಂದೊಂದೇ ತುಂಬುವುದನ್ನು ನೋಡುತ್ತ ಬೆಳೆದವನು ನಾನು. ಆದರೆ ಇಂಥ ತುಂಬುವಿಕೆಯನ್ನು ಕಂಡಿರಲಿಲ್ಲ. ನನ್ನ ತಪ್ಪನ್ನು ಮರೆತು ಬೆರಗಾಗಿ ನಿಂತಿದ್ದೆ.

ಆಮೇಲೆ ನಿಂತುಹೋಯಿತು. ಡಿಸ್ಕಿನಲ್ಲಿದ್ದದ್ದು ಮುಗಿದಿತ್ತು. ಅಲ್ಲಿಂದ ಮುಂದೆ ಗೀಟುಗಳ ಮೇಲೆ ನಡೆಯಬೇಕು. ಗೀಟುಗಳಿರಲಿಲ್ಲ. ಸಾಲಿನ ಕೊನೆಯ ಕೆಲವು ಉಳಿದಿದ್ದವು, ನಡುವಿನವು ಹೋಗಿದ್ದರಿಂದ ಅವೂ ಕೆಲಸಕ್ಕೆ ಬರಲಿಲ್ಲ. ಅಷ್ಟು ದಿನದ ಮೇಲ್ ಹೋದದ್ದು ಹೋಯಿತು. ಅದರಲ್ಲಿ ಒಂದು ಹಡಗಿನ ಮಾತುಕತೆಯೂ ಇತ್ತು.

"ಚಾಚಾ, ಯಾರರ ಇಲ್ಲಿ ಕೈ ಹಾಕಿದ್ರಾ?"

"ನನಗೇನ್ ಗೊತ್ತಮ್ಮ" ಎಂದೆ.

ಅವಳು ನನ್ನ ಸೊಂಟದ ಕೀಲಿಕೈಗಳನ್ನು ನೋಡಿದಳು. ಆ ಕೋಣೆಯ ಕೀಲಿ ಇದ್ದದ್ದು ನಮ್ಮಿಬ್ಬರ ಹತ್ತಿರ ಮಾತ್ರ. ಮತ್ತೆ ಕೇಳಲಿಲ್ಲ. ಸಂಜೆ ಆಜಾನ್ ಕೇಳಿತು. ಅಲ್ಲೇ ಗೋಡೆಯ ಬದಿ ಕೂತು ಖರ್ಜೂರ ತಿಂದು ನೀರು ಕುಡಿದಳು. ಒಂದು ಖರ್ಜೂರವನ್ನು ನನಗೂ ಕೊಟ್ಟಳು. ತಿಂದೆ.

ಸಾಹುಕಾರರು ಕರೆದು, "ಪೂಜಿ ದಿನಾನ ಕೆಡಬೇಕಾ ಇದು? ರಜಾ ಹಾಕಿ ಮನ್ಯಾಗ ಕುಂತ್ರ ಹಿಂಗ ಆಗೋದು" ಎಂದರು.

"ನಡುವಿನ ಫೈಲ್ ಅಳಿಸಿ ಹೋಗ್ಯಾವ ಸರ್. ಸರ್ವರ್ ತಾನಾಗಿ ಹಂಗ ಅಳಸಂಗಿಲ್ಲ."

"ಸರ್ವರ್ ಅಳಸಿಲ್ಲ ಅಂದ್ರ ನೀನ ಅಳಿಸಿರ್ಬೇಕು."

ನಾನು ಬಾಗಿಲ ಬಳಿ ನಿಂತಿದ್ದೆ. ಅವಳು ನಾನಿದ್ದ ಕಡೆ ತಿರುಗಿದಳು. ಕೋಣೆಯಲ್ಲಿ ಇನ್ನೊಬ್ಬರು ಮಾತಾಡಲು ಜಾಗ ಬಿಟ್ಟ ಹಾಗಿತ್ತು ಅದು. ಆಮೇಲೆ, "ಆತು ಸರ್" ಎಂದು ಹೊರಗೆ ಹೋದಳು. ಅವಳ ನೌಕರಿಯೂ ಹೋಯಿತು.

ಅಲ್ಲಿಗೆ ಮುಗಿದಿದ್ದರೆ ಇಷ್ಟು ವರ್ಷ ಸುಡುತ್ತಿರಲಿಲ್ಲವೇನೋ. ಕೆಲವು ದಿನಗಳಾದ ಮೇಲೆ ಗಾಂಧಿನಗರದ ಇನ್ನೊಂದು ಅದಿರಿನ ಆಫೀಸಿನಿಂದ ಫೋನು ಬಂತು. ಅವಳು ಅಲ್ಲಿ ಕೆಲಸ ಕೇಳಿದ್ದಳು. "ನಿಮ್ಮಲ್ಲಿ ಮೇಲ್ ಅಳಿಸಿದಾಕಿ ಈಕಿನ ಏನ್ರಿ?" ಎಂದು ಕೇಳಿದರು. ಎದುರಿಗೆ ಸಾಹುಕಾರರಿರಲಿಲ್ಲ, ಯಾರೂ ಇರಲಿಲ್ಲ. ನಾನು, "ಹೌದ್ರಿ" ಎಂದೆ. ಆಮೇಲೆ ಬಳ್ಳಾರಿಯಲ್ಲಿ ಅವಳಿಗೆ ಯಾರೂ ಸರ್ವರ್ ಮುಟ್ಟಲು ಕೊಡಲಿಲ್ಲ.

ಗಣಿಗಳು ನಿಂತವು, ಲಾರಿಗಳು ಮಾರಿಹೋದವು, ಆಫೀಸಿಗೆ ಬೀಗ ಬಿತ್ತು. ಮೊನ್ನೆ ಚಹಾ ಆರಿದ ದಿನವೇ ಎದ್ದು ಬ್ರೂಸ್‌ಪೇಟೆಗೆ ಹೋದೆ. ಗಾದಿ ಅಂಗಡಿಯಿದ್ದಲ್ಲಿ ಪ್ಲಾಸ್ಟಿಕ್ ಕೊಡಗಳನ್ನು ಪೇರಿಸಿದ್ದರು. ಅವರು ಊರು ಬಿಟ್ಟು ಬಹಳ ದಿನವಾಯಿತು, ಎಲ್ಲಿಗೆ ಹೋದರೋ ತಿಳಿಯದು ಎಂದು ಅಂಗಡಿಯವರು ಹೇಳಿದರು. ಅಲ್ಲಿಂದ ಕುರುಗೋಡಿಗೆ ಹೋಗಿ ಸಾಹುಕಾರರ ಮುಂದೆ ಕೂತು ಎಲ್ಲ ಹೇಳಿದೆ. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದೆ.

ಅವರು ಕಣ್ಣು ಕಿರಿದು ಮಾಡಿ, "ಯಾವ ಹುಡುಗಿಪ್ಪ? ಆಗ ಎಷ್ಟ್ ಮಂದಿ ಬಂದ್ರು, ಎಷ್ಟ್ ಮಂದಿ ಹೋದ್ರು. ಬಿಡು ಅತ್ಲಾಗ, ಮಂಡಕ್ಕಿ ತಿನ್ನು" ಎಂದರು.

ಅವಳ ಮೇಲೆ ಹೊರಿಸಿದ ತಪ್ಪು ಊರಿನ ನೆನಪಿನಿಂದ ಹೋಗಿತ್ತು. ಜೊತೆಗೆ ಅವಳೂ ಹೋಗಿದ್ದಳು. ಹಗುರಾಗಬೇಕೆಂದು ಹೋದವನು ಮತ್ತಷ್ಟು ಭಾರವಾಗಿ ಬಸ್ಸು ಹತ್ತಿದೆ. ಅದಕ್ಕೇ ಮನೆಗೆ ಬಂದವನೇ ಇದನ್ನು ಬರೆಯಲು ಕೂತೆ. ಆ ಫೈಲುಗಳನ್ನು ಅಳಿಸಿದವನು ನಾನು. ಉಳಿದಷ್ಟನ್ನು ಉಪವಾಸವಿದ್ದು ಮರಳಿ ತಂದವಳು ನಸ್ರೀನ್ ಬಾನು.