ದಿಬ್ಬ ಹಾಕಿಸಿದ ಮೇಸ್ತ್ರಿ

ತಲ್ಲೂರಿನಲ್ಲಿ ಹೆದ್ದಾರಿ ಅಗಲ ಮಾಡುತ್ತಿದ್ದ ವರ್ಷ ನಾನು ರಸ್ತೆ ಬದಿಯ ಶಾಲೆಗೆ ಹೊಸದಾಗಿ ಸೇರಿದ್ದೆ. ಶಾಲೆಯ ಎದುರೇ ಜಲ್ಲಿ ಒಡೆಯುತ್ತಿದ್ದರು. ಕೂಗಿ ಕೂಗಿ ಪಾಠ ಹೇಳಿ ಗಂಟಲು ಕಟ್ಟಿತ್ತು. ಹೀಗೇ ಆದರೆ ಕೆಲಸ ಬಿಡುವುದೆಂದು ನಿಶ್ಚಯಿಸಿದ್ದೆ.

ಒಂದು ದಿನ ಕಿಟಕಿಗಳಿಗೆಲ್ಲ ಚಾಪೆ ಕಟ್ಟಿದೆ. ಮಕ್ಕಳು ಬೆವರಿದರು, ಸದ್ದು ತಗ್ಗಲಿಲ್ಲ. ಹೋಗಿ ರಸ್ತೆ ಮೇಸ್ತ್ರಿಯನ್ನು ಕರೆತಂದೆ. ಮಾತನಾಡುವವರ ತುಟಿಯನ್ನೇ ನೋಡುತ್ತ ನಿಲ್ಲುವುದು ಅವರ ಅಭ್ಯಾಸ. ನನ್ನ ದೂರು ಮುಗಿದ ಮೇಲೆ ಬಾಗಿಲ ಹಲಗೆಗೆ ಅಂಗೈ ಒತ್ತಿ ಹಿಡಿದರು. ಸದ್ದಿಗೆ ಹಲಗೆ ನಡುಗುತ್ತಿತ್ತು.

“ಚಾಪೆ ತೆಗ್ದ್ ಬಿಡಿ ಟೀಚರ್ರೇ. ಶಬ್ದನ ಹುಟ್ಟಿದಲ್ಲೇ ಹಿಡೀಕ್.”

ಸದ್ದನ್ನು ಹುಟ್ಟಿದಲ್ಲೇ ಹಿಡಿಯಬೇಕಂತೆ. ಅಂದೇ ಜಲ್ಲಿ ಕೆಲಸವನ್ನು ರಸ್ತೆಯ ಆಚೆಗೆ ಸಾಗಿಸಿ, ಅದರ ಪಕ್ಕದಲ್ಲೇ, ಶಾಲೆಯ ಕಡೆಗೆ, ಅಗೆದ ಮಣ್ಣಿನ ದಿಬ್ಬ ಹಾಕಿಸಿದರು. ಆಳುಗಳು ಗೊಣಗಿದರೆ, “ಹುಟ್ಟಿದಲ್ಲೇ ಹಿಡೀಕ್” ಎಂದಷ್ಟೇ ಉತ್ತರ. ಕಲ್ಲೊಡೆಯುವವರ ತಲೆ ಶಾಲೆಗೆ ಕಾಣದಷ್ಟು ಎತ್ತರವಾಗುವವರೆಗೂ ಬಿಡಲಿಲ್ಲ.

ಮರುದಿನ ಕಿಟಕಿಯ ಬಳಿ ಬಂದು ನಿಂತರು. “ಈಗ ಪಾಠ ಹೇಳಿ, ಕಾಂಬ.”

ನಾನು ಮೆಲುದನಿಯಲ್ಲೇ ಉಕ್ತಲೇಖನ ಹೇಳಿದೆ. ಹಿಂದಿನ ಸಾಲಿನ ಮಕ್ಕಳೂ ತಲೆ ತಗ್ಗಿಸಿ ಬರೆಯತೊಡಗಿದರು. ಮೇಸ್ತ್ರಿ ಆ ಬಳಪಗಳನ್ನೇ ನೋಡಿ, “ಮಕ್ಳಿಗ್ ಕೇಣ್ತ್” ಎಂದರು.

“ನಿಮಗೆ ಕೇಳಿಸಿತೇ?” ಎಂದೆ.

“ಮೂವತ್ತ್ ವರ್ಷ ಕಲ್ಲ್ ಒಡ್ದೆ. ನಂಗೂ ಕಲ್ಲಿಗೂ ಮಧ್ಯ ದಿಬ್ಬ ಹಾಕುಕ್ ಆತ್ತಾ ಟೀಚರ್ರೇ?” ಎಂದು ನಕ್ಕು ಹೋದರು.

ಮಧ್ಯಾಹ್ನ, ಮಕ್ಕಳು ತಕಲಿಯಲ್ಲಿ ನೂಲಲೆಂದು ಶಾಲೆಯಲ್ಲಿ ಇಟ್ಟಿದ್ದ ಹತ್ತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ದಿಬ್ಬದ ಆಚೆಗೆ ಹೋದೆ. ಕಲ್ಲೊಡೆಯುವ ಹೆಂಗಸರು ನಗುತ್ತ ಅದನ್ನು ಉಂಡೆ ಮಾಡಿ ಕಿವಿಗೆ ತುರುಕಿಕೊಂಡರು.